ತಗಡಿನ ಲೆಕ್ಕ

ಲಿಂಕನ್‌ಶೈರಿನ ಲೌತ್ ಎಂಬ ಊರಿನಲ್ಲಿ ಹಗಲೆಲ್ಲ
ಗುದ್ದು ತಿಂದ ಕಾರುಗಳ ಮೈ ನೇರ ಮಾಡುವವನು ನಾನು.
ತಗಡು ಎಲ್ಲಿ ನೊಂದಿದೆ ಎಂದು
ಕಣ್ಣು ಮುಚ್ಚಿ ಅಂಗೈ ಸವರಿದರೆ ಸಾಕು, ಹೇಳುತ್ತೇನೆ.

ರಾತ್ರಿ, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ
ದಪ್ಪ ಬೆನ್ನಿನ ಮಾನಿಟರಿನ ಮುಂದೆ ಕೂತು
ಕಡಲಿನ ಮೇಲೆ ವಿಮಾನ ಹಾರಿಸಿ ಯುದ್ಧ ಮಾಡುತ್ತೇನೆ.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ ಇರಬೇಕು.
ಆದರೆ ನೋಯುವುದೇ ಇಲ್ಲ,
ಅದೇ ನನ್ನ ತಕರಾರು.

ಗುಂಡು ಎಲ್ಲಿ ಬಿದ್ದರೂ ಒಂದೇ ತೂತು,
ಕಾಡಿಗೆಗೆ ಬೆರಳದ್ದಿ ಇಟ್ಟ ದೃಷ್ಟಿಬೊಟ್ಟು.
ಅಂಚು ಕೆದರಿಲ್ಲ, ಬಣ್ಣ ಚಕ್ಕೆ ಎದ್ದಿಲ್ಲ.
ರೆಕ್ಕೆಗೆ ನೂರು ಅಂಕ. ತೊಂಬತ್ತೊಂಬತ್ತು ಕಳೆದರೂ
ದಿಬ್ಬಣದ ಕುದುರೆಯಂತೆ ನೆಟ್ಟಗೆ ಹೋಗುತ್ತದೆ.
ಇನ್ನೊಂದು ಬಿತ್ತೋ,
ಹಲ್ಲಿ ಬಾಲ ಬಿಟ್ಟ ಹಾಗೆ ಬುಡದಲ್ಲೇ ಕಳಚಿ, ಮುಗಿಯಿತು.
ಮತ್ತೆ ಹಾರಲು ಒಂದು ಗುಂಡಿ.

ಬಂಪರ್ ಸೊಟ್ಟ ಮಾಡಿಕೊಂಡು ರೋವರ್ ತಂದಿದ್ದ
ವಿಲ್ಫ್ ಡ್ರಿಂಗನಿಗೆ ಇದನ್ನು ಹೇಳಿದೆ.
ಎಂಬತ್ತೊಂದು ವರ್ಷ. ಯುದ್ಧದಲ್ಲಿ ರಿಗ್ಗರ್ ಆಗಿದ್ದನಂತೆ,
ಅಂದರೆ ವಿಮಾನದ ಮೈ ನೋಡಿಕೊಳ್ಳುವವ.
ನನ್ನದೇ ಜಾತಿ.

ಮುದುಕ ನಾನು ತಿಂದಿಟ್ಟಿದ್ದ ಪೈ ತಟ್ಟೆ ಎತ್ತಿಕೊಂಡ,
ನನ್ನ ಸ್ಕ್ರೂಡ್ರೈವರಿನಿಂದ ಒಮ್ಮೆ ತಿವಿದ.
ಒಳಹೊಕ್ಕ ಕಡೆ ಗುಬ್ಬಿಯ ಕಣ್ಣು.
ತಿರುಗಿಸಿದ. ಹೊರಬಂದ ಕಡೆ
ಸಿಡಿದ ಹತ್ತಿಕಾಯಿ.
"ಈ ಅಂಚಿದೆಯಲ್ಲ, ಗಾಳಿ ಹಿಡಿಯುತ್ತದೆ, ಸಿಳ್ಳೆ ಹಾಕುತ್ತದೆ.
ಮನೆ ತಲುಪುವ ತನಕ ಹುಡುಗನ ಕಿವಿಯಲ್ಲಿ ಅದೊಂದೇ."

ವೇಗ ಎಷ್ಟು ನಿನ್ನ ಆಟದಲ್ಲಿ, ಕೇಳಿದ.
ಪುಸ್ತಕದಲ್ಲಿ ಇದ್ದಷ್ಟು, ಅಂದೆ.
ಎಲ್ಲಕ್ಕೂ?
ಎಲ್ಲಕ್ಕೂ.
ನಕ್ಕ. ಹಲ್ಲು ಕಟ್ಟಿಸಿದ್ದು ಆಗ ಕಂಡಿತು.
"ಒಂದು ಅಚ್ಚಿನ ಎರಡು ವಿಮಾನ ನಾನಂತೂ ನೋಡಲಿಲ್ಲ.
ಒಂದಕ್ಕೆ ತೇಪೆ ಹೆಚ್ಚು, ಒಂದಕ್ಕೆ ಬಣ್ಣ ಹೆಚ್ಚು,
ಒಂದರ ಹೊಟ್ಟೆಯಲ್ಲಿ ಯಾವಾಗಲೂ ಕೆಸರು.
ಕೆ ಅಕ್ಷರದ್ದು ಎಡಕ್ಕೆ ಎಳೆಯುತ್ತಿತ್ತು.
ಹಾರಿಸುವ ಹುಡುಗ ಇಳಿದು ಬಂದರೆ
ಬಲಗೈಯಲ್ಲಿ ಚಹಾದ ಲೋಟ ನಡುಗುವುದು.
ರೆಕ್ಕೆಯ ಹಿಂಚಿಗೆ ಒಂದು ಗೇಣು ದಾರ ಅಂಟಿಸಿದೆ.
ಅಷ್ಟೇ. ಎಳೆತ ನಿಂತಿತು."

ಒಳ್ಳೆಯದಾಯಿತಲ್ಲ, ಅಂದೆ.

"ಗುರುವಾರ ಅಂಟಿಸಿದ್ದು.
ಶನಿವಾರ ಅದು ಬರಲಿಲ್ಲ."

ಆಮೇಲೆ ಬಂಪರಿಗೆ ಎಷ್ಟಾಗುತ್ತದೆ ಎಂದು ಕೇಳಿದ.

ನಾನು ಜಾಣ ಅಂದುಕೊಂಡು ಆ ರಾತ್ರಿ
ಜಾಯ್‌ಸ್ಟಿಕ್ಕಿಗೆ ರಬ್ಬರ್ ಬ್ಯಾಂಡು ಬಿಗಿದು
ಎಡಕ್ಕೆ ಎಳೆಯುವ ಹಾಗೆ ಮೇಜಿಗೆ ಕಟ್ಟಿದೆ.
ಅರ್ಧ ಗಂಟೆಗೆ ಮಣಿಕಟ್ಟು ಉರಿಯತೊಡಗಿತು.
ಮೊದಲ ಸಲ ಭಯವಾಯಿತು, ಖುಷಿಯೂ ಆಯಿತು.
ಎರಡರಲ್ಲಿ ಯಾವುದಕ್ಕೆ ನಾಚಬೇಕೋ ತಿಳಿಯಲಿಲ್ಲ.

ಕಾರು ಒಯ್ಯಲು ಬಂದವನನ್ನು ಮೇಲೆ ಕರೆದು ಕೂರಿಸಿದೆ.
ಅವನು ಒಂದು ಗುಂಡೂ ಹಾರಿಸಲಿಲ್ಲ.
ಹಿಂದಿನಿಂದ ಬಂದವನು ಹೊಡೆದ. ಹೊಡೆಸಿಕೊಂಡ.
ಎರಡೂ ಕೈಯಲ್ಲಿ ಬಲಕ್ಕೆ ಒತ್ತಿ ಹಿಡಿದು,
ತುಟಿ ಕಚ್ಚಿ, ಯಾರದೋ ಹೊಲದಂಥ ರನ್‌ವೇಗೆ
ಕುಪ್ಪಳಿಸಿ ಇಳಿಸಿದ. ಎಂಜಿನ್ ಆರಿಸಿದ.

"ಇನ್ನು ಕೆಳಗಿಳಿಯುವುದು ಹೇಗೆ?"

ಕೀಬೋರ್ಡೆಲ್ಲ ತಡಕಿದೆ.
ಚಕ್ರಕ್ಕೆ ಇದೆ, ಬಾಂಬಿಗೆ ಇದೆ, ಪ್ಯಾರಾಚೂಟಿಗೂ ಇದೆ.
ನಿಂತ ವಿಮಾನದಿಂದ ಇಳಿದು
ಸುತ್ತ ಒಮ್ಮೆ ನಡೆದು ನೋಡಲು ಯಾವ ಗುಂಡಿಯೂ ಇಲ್ಲ.
ಹೊರಗಿನ ನೋಟ ತೋರಿಸಬಲ್ಲೆ, ಅಂದೆ.

ತೋರಿಸಿದೆ. ಕನ್ನಡಕ ಹಣೆಗೇರಿಸಿ ಹತ್ತಿರ ಬಂದ.
ಗಾಜಿನ ಮೇಲೆ ಅಂಗೈ ಇಟ್ಟ.
ಚಿಟಿಚಿಟಿ ಎಂದಿತು, ತೋಳಿನ ಬಿಳಿಗೂದಲು ನಿಂತವು.
ಮೆಲ್ಲಗೆ, ಎಡ ರೆಕ್ಕೆಯ ಹಿಂಚಿನುದ್ದಕ್ಕೂ ಸವರುತ್ತ
ನನಗಲ್ಲ, ಯಾರಿಗೋ ಹೇಳಿದ,
ಇಲ್ಲೇ ಎಲ್ಲೋ ಇರಬೇಕು.